ಮೂರಡಿ ಸಮುದ್ರದಲ್ಲಿ ನಿಲ್ಲದ ನೀರು



ನಮ್ಮ ಮನೆಯಲ್ಲಿ ಒಂದು ಸದ್ದಿದೆ. ಬಹಳ ಸಣ್ಣದು. ಪಕ್ಕದ ಮನೆಯಲ್ಲಿ ಯಾರೋ ನಲ್ಲಿಯನ್ನು ಪೂರ್ತಿ ತಿರುಗಿಸದೆ ಬಿಟ್ಟು ಹೋದ ಹಾಗೆ. ಅದರ ಅಡಿಯಲ್ಲಿ ಇನ್ನೊಂದು ಸದ್ದು, ಜೇನುಹುಳದ ಗುಂಯ್‌ಕಾರದ ಹಾಗೆ. ಮನೆಗೆ ಬಂದವರಿಗೆ ಮೊದಲ ಐದು ನಿಮಿಷ ಕೇಳಿಸುತ್ತದೆ. ಆಮೇಲೆ ಮರೆತುಹೋಗುತ್ತದೆ. ನಮಗಂತೂ ಅದು ಕೇಳಿಸುವುದೇ ಇಲ್ಲ. ನಿಂತುಹೋದರೆ ಮಾತ್ರ ಎಚ್ಚರವಾಗುತ್ತದೆ.

ಈ ಮಾತನ್ನು ರೇಡಿಯೋದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರಸಾರದ ನಡುವೆ ನಾಲ್ಕು ಸೆಕೆಂಡು ಮೌನ ಬಿದ್ದರೆ ಸ್ಟುಡಿಯೋದಲ್ಲಿ ಕೂತವರು ಎದ್ದು ನಿಲ್ಲುತ್ತಾರೆ. ನಾನು ಇವತ್ತು ಹೇಳಹೊರಟಿರುವುದೂ ಅಂಥ ಒಂದು ಮೌನದ ಕಥೆ. ಅದನ್ನು ತಡೆಯಲು ನಾನು ಮನೆಯಲ್ಲೇ ಕಟ್ಟಿದ ಒಂದು ಸಣ್ಣ ಪೆಟ್ಟಿಗೆಯ ಕಥೆ.

ಮೊದಲು ಆ ಸದ್ದು ಎಲ್ಲಿಯದು ಎಂದು ಹೇಳುತ್ತೇನೆ. ನಮ್ಮ ಹಜಾರದಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಮೂರು ಅಡಿ ಉದ್ದ. ಅಗಲವೂ ಎತ್ತರವೂ ಒಂದೂವರೆ ಅಡಿ. ಅದರಲ್ಲಿ ಸುಮಾರು 180 ಲೀಟರ್ ಉಪ್ಪುನೀರು. ಸಮುದ್ರದಲ್ಲಿ ಇರುವಷ್ಟೇ ಉಪ್ಪು, ಅಂದರೆ ಲೀಟರಿಗೆ 35 ಗ್ರಾಂ. ಒಟ್ಟು ಲೆಕ್ಕ ಹಾಕಿದರೆ ಆರು ಕಿಲೋಗೂ ಮೇಲೆ. ಇದು ಅಡಿಗೆಮನೆಯ ಉಪ್ಪಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಸಮುದ್ರದ ಪ್ರಮಾಣದಲ್ಲೇ ಬೆರೆತ ಉಪ್ಪು. ತೊಟ್ಟಿಯ ಕೆಳಗೆ, ಮರದ ಕಪಾಟಿನೊಳಗೆ, ಇನ್ನೊಂದು ಚಿಕ್ಕ ತೊಟ್ಟಿ. ಮೇಲಿನ ನೀರು ಕೊಳವೆಯಲ್ಲಿ ಕೆಳಗೆ ಇಳಿಯುತ್ತದೆ. ಅಲ್ಲಿ ಸೋಸಿಕೊಳ್ಳುತ್ತದೆ. ಒಂದು ಪಂಪು ಅದನ್ನು ಮತ್ತೆ ಮೇಲೆತ್ತುತ್ತದೆ. ಇದನ್ನು ಎತ್ತುವ ಪಂಪು ಎಂದು ಕರೆಯೋಣ. ಮೇಲಿನ ತೊಟ್ಟಿಯೊಳಗೇ ಇನ್ನೊಂದು ಪಂಪು ಇದೆ. ಅದು ನೀರನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ತಳ್ಳುತ್ತದೆ. ಅದು ಅಲೆ ಪಂಪು. ಈ ಎರಡು ಹೆಸರು ನೆನಪಿರಲಿ. ಎತ್ತುವ ಪಂಪು, ಅಲೆ ಪಂಪು.

ಆ ನೀರಿನಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು ಇವೆ. ಮರಳಿನಲ್ಲಿ ಬಿಲ ತೋಡುವ ಒಂದು ಗೋಬಿ ಮೀನು ಇದೆ. ಕ್ಲೌನ್ ಮೀನುಗಳು ಕಡಲಿನಲ್ಲಿ ಹಿಡಿದವಲ್ಲ, ತೊಟ್ಟಿಯಲ್ಲೇ ಹುಟ್ಟಿದವು. ನಮ್ಮ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ಮೀನಿನ ಮರಿ ಮಾಡಿಸುವ ವಿದ್ಯೆಯನ್ನು ಸಾಧಿಸಿದೆ. ಹವಳ ನಮ್ಮ ತೊಟ್ಟಿಯಲ್ಲಿಲ್ಲ. ನಮ್ಮ ಕಡಲಿನ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಹವಳ ನೋಡಬೇಕೆನಿಸಿದರೆ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪವಿದೆ. ಅಲ್ಲಿಗೇ ಹೋಗಿ ನೋಡುವುದು ಸರಿ.

ಇನ್ನು ವಿಷಯಕ್ಕೆ ಬರೋಣ. ಈ ನೀರು ಯಾಕೆ ಹರಿಯುತ್ತಲೇ ಇರಬೇಕು?

ಮೀನು ಉಸಿರಾಡುವುದು ನೀರಿನಲ್ಲಿ ಕರಗಿದ ಆಮ್ಲಜನಕವನ್ನು. ಅದು ನೀರಿಗೆ ಇಳಿಯುವುದು ಮೇಲ್ಮೈಯಿಂದ. ಮೇಲ್ಮೈ ಕಲಕಿದರೆ ಬೇಗ ಇಳಿಯುತ್ತದೆ. ನಿಶ್ಚಲವಾಗಿದ್ದರೆ ನಿಧಾನ. ಸಿಹಿನೀರಿಗಿಂತ ಉಪ್ಪುನೀರು ಆಮ್ಲಜನಕವನ್ನು ಕಡಿಮೆ ಹಿಡಿದುಕೊಳ್ಳುತ್ತದೆ. ಇಪ್ಪತ್ತೈದು ಡಿಗ್ರಿ ಶಾಖದಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು ಎಂಟು ಮಿಲಿಗ್ರಾಂ ಹಿಡಿದರೆ, ಸಮುದ್ರದ ನೀರು ಏಳನ್ನೂ ಮುಟ್ಟುವುದಿಲ್ಲ. ನಮ್ಮ ಮನೆ ಇರುವುದು ಬೆಂಗಳೂರಿನಲ್ಲಿ. ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡವೇ ತೀರದಲ್ಲಿ ಇರುವುದಕ್ಕಿಂತ ಹತ್ತನೇ ಒಂದು ಪಾಲು ಕಡಿಮೆ. ನೀರಿಗೆ ಇಳಿಯುವ ಆಮ್ಲಜನಕವೂ ಅಷ್ಟೇ ಕಡಿಮೆ. ಬೆಟ್ಟದ ಮೇಲೆ ಸಮುದ್ರ ಕಟ್ಟಿಕೊಂಡವನು ಕೊಡಬೇಕಾದ ಸುಂಕ ಇದು. ಅದಕ್ಕೇ ನಮ್ಮ ತೊಟ್ಟಿಯಲ್ಲಿ ನೀರು ನಿಲ್ಲಬಾರದು.

ಅಂದರೆ ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಮನೆಯಲ್ಲಿ ಒಂದು ಪುಟ್ಟ ಸಮುದ್ರ. ಅದಕ್ಕೆ ಎರಡು ಪಂಪು. ನೀರು ಹರಿಯುತ್ತಿದ್ದರೆ ಮೀನಿಗೆ ಉಸಿರು. ಹಾಗಾದರೆ ಪಂಪನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸುಮ್ಮನಿದ್ದರೆ ಆಗದೆ? ವೇಗ ಬದಲಿಸುವ ಉಸಾಬರಿ ಯಾಕೆ?

ಇದಕ್ಕೆ ಉತ್ತರ ಕೊಟ್ಟವರು ನಮ್ಮ ಅಮ್ಮ. ಅವರು ಕುಂದಾಪುರದ ಕಡೆಯವರು. ಕಡಲ ಮೊರೆತ ಕೇಳಿಕೊಂಡೇ ಬೆಳೆದವರು. ತೊಟ್ಟಿ ಸಿದ್ಧವಾದ ದಿನ ಅದರ ಮುಂದೆ ಕುರ್ಚಿ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: ‘ಇದೆಂತ ಸಮುದ್ರ ಮಾರಾಯ? ಇದು ತೋಡಿನ ನೀರಿನ ಹಾಗೆ ಒಂದೇ ಸಮ ಓಡ್ತದೆ ಅಷ್ಟೆ. ಕಡಲು ಹೀಗಿರ್ತದಾ?’

ಅವರ ಮಾತು ಸರಿಯಾಗಿತ್ತು. ಕಡಲು ಒಂದೇ ವೇಗದಲ್ಲಿ ಹರಿಯುವುದಿಲ್ಲ. ಅಲೆ ಬರುತ್ತದೆ, ಹಿಂದೆ ಸರಿಯುತ್ತದೆ. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಭರತ ಬರುತ್ತದೆ, ಇಳಿತ ಬರುತ್ತದೆ. ಒಂದೇ ಸಮ ಓಡುವ ಪಂಪು ತೊಟ್ಟಿಯ ಒಂದೇ ಕಡೆ ನೀರು ಬಡಿಯುತ್ತದೆ. ಬಂಡೆಗಳ ಹಿಂದೆ ನೀರೇ ಮುಟ್ಟದ ಮೂಲೆಗಳು ಉಳಿದುಬಿಡುತ್ತವೆ. ಮೀನಿನ ಹೊಲಸು, ತಿನ್ನದೆ ಬಿಟ್ಟ ಆಹಾರ, ಎಲ್ಲ ಅಲ್ಲೇ ಕೂರುತ್ತದೆ, ಅಲ್ಲೇ ಕೊಳೆಯುತ್ತದೆ. ವೇಗ ಏರಿ ಇಳಿದರೆ ಸುಳಿಗಳು ಜಾಗ ಬದಲಿಸುತ್ತವೆ. ಈ ಗಳಿಗೆಯಲ್ಲಿ ನೀರು ಮುಟ್ಟದ ಮೂಲೆಯನ್ನು ಇನ್ನೊಂದು ಗಳಿಗೆಯಲ್ಲಿ ಮುಟ್ಟುತ್ತದೆ. ಮೀನಿಗೆ ಆಹಾರ ಹಾಕುವಾಗ ನೀರು ತುಸು ಶಾಂತವಾಗಿರಬೇಕು. ರಾತ್ರಿ ಅವು ಮಲಗುವಾಗ ಮೆಲ್ಲಗೆ ಹರಿಯಬೇಕು. ಇಷ್ಟನ್ನು ಮಾಡಲು ಪಂಪಿಗೆ ವೇಗದ ಹಿಡಿತ ಬೇಕು.

ನನ್ನ ಮೊದಲ ಪ್ರಯತ್ನ ನಗೆಪಾಟಲಾಯಿತು. ಆಗ ನನ್ನಲ್ಲಿದ್ದದ್ದು ಗೋಡೆಯ ವಿದ್ಯುತ್ತಿಗೆ ನೇರವಾಗಿ ಓಡುವ ಪಂಪು. ಫ್ಯಾನಿಗೆ ರೆಗ್ಯುಲೇಟರ್ ಇದೆಯಲ್ಲ, ಪಂಪಿಗೂ ಹಾಕಿದರಾಯಿತು ಎಂದುಕೊಂಡೆ. ಹಾಕಿದೆ. ಗುಂಡಿ ತಿರುಗಿಸಿದೆ. ಪಂಪು ಒಂದಷ್ಟು ಹೊತ್ತು ಎಂದಿನಂತೆ ಓಡಿತು. ಇನ್ನೂ ತಿರುಗಿಸಿದೆ. ಗಡಗಡ ನಡುಗಿ ನಿಂತುಬಿಟ್ಟಿತು. ನಡುವೆ ಏನೂ ಇಲ್ಲ. ಓಡಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲವೇ ಇಲ್ಲ.

ಕಾರಣ ಸರಳ. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ ಐವತ್ತು ಸಲ ದಿಕ್ಕು ಬದಲಿಸಿ ಮರಳುತ್ತದೆ. ಆ ಪಂಪಿನ ಒಳಗಿನ ಅಯಸ್ಕಾಂತ ಆ ತಾಳಕ್ಕೇ ಹೆಜ್ಜೆ ಹಾಕುತ್ತದೆ. ತಾಳ ಬದಲಿಸದೆ ಬಲ ಮಾತ್ರ ತಗ್ಗಿಸಿದರೆ ಅದು ನಿಧಾನವಾಗುವುದಿಲ್ಲ, ಹೆಜ್ಜೆ ತಪ್ಪಿ ಬೀಳುತ್ತದೆ. ಹಾಗಾಗಿ ಮೊದಲ ಪಾಠ: ವೇಗ ಬದಲಿಸಬೇಕಾದರೆ ಪಂಪೇ ಬೇರೆ ಬೇಕು. ಬ್ಯಾಟರಿಯಂಥ ನೇರ ವಿದ್ಯುತ್ತಿಗೆ ಓಡುವ, 12 ವೋಲ್ಟಿನ ಪಂಪು. ಇದರಿಂದ ಇನ್ನೊಂದು ಲಾಭ. ಉಪ್ಪುನೀರಿನಲ್ಲಿ 230 ವೋಲ್ಟಿನ ಪಂಪು ಇರುವುದಕ್ಕಿಂತ 12 ವೋಲ್ಟಿನದು ಇದ್ದರೆ ಮನೆಯವರಿಗೂ ನೆಮ್ಮದಿ.

ಈಗ ಮತ್ತೊಮ್ಮೆ ನೆನಪಿಸಿಕೊಳ್ಳೋಣ. ನೀರು ಹರಿಯಬೇಕು. ಬೇರೆ ಬೇರೆ ವೇಗದಲ್ಲಿ ಹರಿಯಬೇಕು. ಅದಕ್ಕೆ 12 ವೋಲ್ಟಿನ ಪಂಪು ಬೇಕು. ಇನ್ನು ಆ ಪಂಪಿಗೆ ಹೊತ್ತು ನೋಡಿ ವೇಗ ಹೇಳುವವರು ಯಾರು?

ಅದಕ್ಕೇ ಮೈಕ್ರೋಕಂಟ್ರೋಲರ್. ಹೆಸರು ಕೇಳಿ ಗಾಬರಿಯಾಗಬೇಡಿ. ಅದು ಒಂದೇ ಚಿಪ್ಪಿನೊಳಗಿನ ಪುಟ್ಟ ಕಂಪ್ಯೂಟರ್. ನಿಮ್ಮ ಬಟ್ಟೆ ಒಗೆಯುವ ಯಂತ್ರದಲ್ಲಿ, ಟಿವಿಯ ರಿಮೋಟಿನಲ್ಲಿ ಇರುವುದು ಇದೇ ಜಾತಿ. ನಾನು ಎಸ್.ಪಿ. ರಸ್ತೆಯ ಅಂಗಡಿಯಿಂದ ತಂದದ್ದು ಆರ್ಡುಯಿನೋ ಎಂಬ ಹಲಗೆ. ಅಂಗೈಯಗಲ. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ ವಿದ್ಯಾರ್ಥಿಗಳಿಗಾಗಿ ಹುಟ್ಟಿದ್ದು ಅದು. ಅದರ ನೆನಪಿನ ಶಕ್ತಿ ಎಷ್ಟು ಗೊತ್ತೇ? ಕಾರ್ಯಕ್ರಮ ಬರೆದಿಡಲು 32 ಕಿಲೋಬೈಟ್. ನಾನು ಈಗ ಓದುತ್ತಿರುವ ಈ ಭಾಷಣವನ್ನು ಕನ್ನಡದಲ್ಲಿ ಟೈಪು ಮಾಡಿ ಅದಕ್ಕೆ ತುಂಬಿದರೆ ಹಿಡಿಸುವುದಿಲ್ಲ. ಆದರೆ ಒಂದು ಸಮುದ್ರವನ್ನು ನೋಡಿಕೊಳ್ಳಲು ಅಷ್ಟು ಸಾಕು.

ಈ ಚಿಪ್ಪಿಗೆ ಗೊತ್ತಿರುವುದು ಎರಡೇ ಮಾತು. ಹೌದು, ಇಲ್ಲ. ಅರ್ಧ ಎಂಬುದು ಅದಕ್ಕೆ ಬಾರದು. ಹಾಗಾದರೆ ಅರ್ಧ ವೇಗ ಕೊಡುವುದು ಹೇಗೆ?

ಕುಂಬಾರನ ತಿಗರಿಯನ್ನು ನೆನಪಿಸಿಕೊಳ್ಳಿ. ಅವನು ಕೋಲು ಹಾಕಿ ಚಕ್ರವನ್ನು ನಾಲ್ಕು ಸುತ್ತು ಜೋರಾಗಿ ತಿರುಗಿಸುತ್ತಾನೆ. ಕೋಲು ತೆಗೆಯುತ್ತಾನೆ. ಚಕ್ರ ತನ್ನ ಭಾರಕ್ಕೆ ತಾನೇ ತಿರುಗುತ್ತಿರುತ್ತದೆ. ನಿಧಾನವಾಗುವಷ್ಟರಲ್ಲಿ ಮತ್ತೆ ಕೋಲು ಹಾಕುತ್ತಾನೆ. ತಳ್ಳುವುದು, ಬಿಡುವುದು. ಆದರೂ ಮಡಕೆಗೆ ಸಿಗುವುದು ಒಂದೇ ಹದದ ಸುತ್ತು. ಮೈಕ್ರೋಕಂಟ್ರೋಲರ್ ಮಾಡುವುದೂ ಇದನ್ನೇ. ಪಂಪಿಗೆ ವಿದ್ಯುತ್ತು ಕೊಡುತ್ತದೆ, ತೆಗೆಯುತ್ತದೆ. ಸೆಕೆಂಡಿಗೆ ನೂರಾರು ಸಲ. ಕೊಟ್ಟ ಹೊತ್ತು ಹೆಚ್ಚಾದರೆ ವೇಗ ಹೆಚ್ಚು. ಬಿಟ್ಟ ಹೊತ್ತು ಹೆಚ್ಚಾದರೆ ವೇಗ ಕಡಿಮೆ. ಇದಕ್ಕೆ ಪಿ.ಡಬ್ಲ್ಯೂ.ಎಂ. ಎಂದು ಹೆಸರು. ಆರ್ಡುಯಿನೋದಲ್ಲಿ ಸೊನ್ನೆಯಿಂದ 255ರವರೆಗೆ ಒಂದು ಸಂಖ್ಯೆ ಬರೆದರೆ ಆಯಿತು. ಸೊನ್ನೆ ಅಂದರೆ ಪೂರ್ತಿ ಬಿಡುವು. 255 ಅಂದರೆ ಪೂರ್ತಿ ದುಡಿಮೆ.

ಚಿಪ್ಪಿನ ಕಾಲು ಪಂಪನ್ನು ನೇರವಾಗಿ ಓಡಿಸಲಾರದು. ಅದಕ್ಕೆ ಅಷ್ಟು ಕಸುವಿಲ್ಲ. ನಡುವೆ ಮಾಸ್‌ಫೆಟ್ ಎಂಬ ಒಂದು ಕದ ಬೇಕು. ಚಿಪ್ಪು ಕದವನ್ನು ಬೆರಳಿನಿಂದ ಮುಟ್ಟಿದರೆ ಸಾಕು, ಕದದ ಮೂಲಕ ಪಂಪಿನ ವಿದ್ಯುತ್ತು ಹರಿಯುತ್ತದೆ. ಕೊಳ್ಳುವಾಗ ಒಂದು ಎಚ್ಚರ. ಐದು ವೋಲ್ಟಿಗೇ ಪೂರ್ತಿ ತೆರೆಯುವ ಬಗೆಯದನ್ನು ಕೇಳಿ ತರಬೇಕು. ಅರ್ಧ ತೆರೆದ ಕದದಲ್ಲಿ ವಿದ್ಯುತ್ತು ತಿಣುಕುತ್ತದೆ, ಕದವೇ ಕಾದು ಸುಡುತ್ತದೆ. ನನ್ನ ಒಂದು ಕದ ಹಾಗೆಯೇ ಸುಟ್ಟಿತು.

ಇಷ್ಟೆಲ್ಲ ಜೋಡಿಸಿ ಸ್ವಿಚ್ಚು ಹಾಕಿದೆ. ಪಂಪು ನಿಧಾನವಾಗಿ ಓಡಿತು. ಜೊತೆಗೆ ಹಾಡತೊಡಗಿತು! ಒಂದೇ ಸ್ವರ, ಬಿಡದೆ. ಒಳಗಿನಿಂದ ಅಮ್ಮ ಕೇಳಿದರು: ‘ಅದೆಂತ, ಭಾಗವತರ ಶ್ರುತಿಪೆಟ್ಟಿಗೆ ತಂದು ಇಟ್ಟಿದ್ದೀಯಾ?’ ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆರ್ಡುಯಿನೋ ತಾನಾಗಿ ಹಿಡಿಯುವ ಲಯ ಸೆಕೆಂಡಿಗೆ ಸುಮಾರು 490. ಹಾರ್ಮೋನಿಯಂನಲ್ಲಿ ಬಿಳಿ ಒಂದರ ಶ್ರುತಿ ಇಟ್ಟುಕೊಂಡರೆ, ಅದು ಹೆಚ್ಚುಕಡಿಮೆ ಅದರ ಕಾಕಲಿ ನಿಷಾದ. ಮನುಷ್ಯನ ಕಿವಿ ಸೆಕೆಂಡಿಗೆ ಇಪ್ಪತ್ತು ಸಾವಿರ ಕಂಪನದವರೆಗೆ ಮಾತ್ರ ಕೇಳುತ್ತದೆ. ಚಿಪ್ಪಿನ ಲಯವನ್ನು ಮೂವತ್ತೊಂದು ಸಾವಿರಕ್ಕೆ ಏರಿಸಿದೆ. ಹಾಡು ನಿಂತಿತು.

ಇನ್ನೊಂದು ಸಣ್ಣ ಪಾಠವೂ ಆಗ ಸಿಕ್ಕಿತು. ಓಡುತ್ತಿರುವ ಪಂಪನ್ನು ಮೆಲ್ಲಗೆ ಇಳಿಸಬಹುದು. ನಿಂತ ಪಂಪನ್ನು ಮೆಲ್ಲಗೆ ಎಬ್ಬಿಸಲಾಗುವುದಿಲ್ಲ. ನಿಂತ ಗಾಡಿಯನ್ನು ತಳ್ಳುವಾಗ ಮೊದಲ ನೂಕಿಗೆ ಮೈಯೆಲ್ಲ ಬಲ ಬೇಕಲ್ಲ, ಹಾಗೆ. ಅದಕ್ಕಾಗಿ ಪಂಪು ಏಳುವಾಗಲೆಲ್ಲ ಒಂದು ಸೆಕೆಂಡು ಪೂರ್ತಿ ಬಲ ಕೊಟ್ಟು, ಆಮೇಲೆ ಬೇಕಾದ ವೇಗಕ್ಕೆ ಇಳಿಸು ಎಂದು ಬರೆದೆ.

ಇಲ್ಲಿಗೆ ಪೆಟ್ಟಿಗೆ ಸಿದ್ಧವಾಯಿತು ಎಂದುಕೊಂಡೆ. ಮತ್ತೊಮ್ಮೆ ಹೇಳುತ್ತೇನೆ. 12 ವೋಲ್ಟಿನ ಪಂಪು. ಅದನ್ನು ತಿಗರಿಯಂತೆ ತಳ್ಳಿ ಬಿಡುವ ಚಿಪ್ಪು. ನಡುವೆ ಒಂದು ಕದ. ವೇಗ ಕೈಗೆ ಸಿಕ್ಕಿತು. ಆದರೆ ಕೇಳುಗರೆ, ನಿಜವಾದ ಪಾಠಗಳು ಶುರುವಾದದ್ದು ಆಮೇಲೆ. ಎರಡು ಹೇಳುತ್ತೇನೆ. ಒಂದು, ಸದ್ದು ಇದ್ದೂ ನೀರು ಬಾರದ ಕಥೆ. ಇನ್ನೊಂದು, ಸದ್ದೇ ಅಡಗಿದ ಕಥೆ.

ಮೊದಲನೆಯದು ಎತ್ತುವ ಪಂಪಿನದು. ರಾತ್ರಿ ಇದು ಅರ್ಧ ವೇಗದಲ್ಲಿ ಓಡಲಿ, ಕರೆಂಟೂ ಉಳಿಯಲಿ ಎಂದು ಬರೆದಿದ್ದೆ. ಪಂಪು ಗುಂಯ್ ಎಂದು ಓಡುತ್ತಿತ್ತು. ಮೇಲಿನ ತೊಟ್ಟಿಗೆ ಮಾತ್ರ ಒಂದು ಹನಿ ನೀರು ಬರುತ್ತಿರಲಿಲ್ಲ. ಹಳ್ಳಿಯಲ್ಲಿ ಪಂಪ್‌ಸೆಟ್ ಇಟ್ಟವರಿಗೆ ಈ ಸಂಕಟ ಗೊತ್ತು. ವೋಲ್ಟೇಜ್ ಇಳಿದಾಗ ಮೋಟರು ಗುಂಯ್‌ಗುಡುತ್ತದೆ, ಕೊಳವೆಯಲ್ಲಿ ನೀರಿಲ್ಲ.

ಇದರ ಹಿಂದೆ ಒಂದು ಲೆಕ್ಕವಿದೆ. ಪಂಪಿನ ವೇಗ ಅರ್ಧವಾದರೆ ಅದು ತಳ್ಳುವ ನೀರು ಅರ್ಧವಾಗುತ್ತದೆ. ಆದರೆ ಅದು ನೀರನ್ನು ಎಷ್ಟು ಎತ್ತರಕ್ಕೆ ಏರಿಸಬಲ್ಲದೋ ಆ ಎತ್ತರ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ನನ್ನ ಪಂಪು ಪೂರ್ತಿ ವೇಗದಲ್ಲಿ ಎರಡು ಮೀಟರ್ ಎತ್ತರಕ್ಕೆ ಏರಿಸಬಲ್ಲದು. ಅರ್ಧ ವೇಗದಲ್ಲಿ ಅರ್ಧ ಮೀಟರ್ ಅಷ್ಟೆ. ನನಗೆ ಬೇಕಾದದ್ದು ಒಂದು ಮೀಟರಿಗೂ ಸ್ವಲ್ಪ ಮೇಲೆ. ಹಾಗಾಗಿ ಮುಕ್ಕಾಲು ವೇಗಕ್ಕೆ ಇಳಿದರೂ ಅದು ನೀರನ್ನು ಕೊಳವೆಯಲ್ಲಿ ಹಿಡಿದುಕೊಂಡು ನಿಲ್ಲುತ್ತದೆ, ಮೇಲೆ ಸುರಿಯುವುದಿಲ್ಲ. ಈ ಪಂಪಿನ ವೇಗ ನೂರಕ್ಕೆ ಎಂಬತ್ತೈದು ಪಾಲಿಗಿಂತ ಕೆಳಗೆ ಇಳಿಯಕೂಡದು ಎಂದು ಕಟ್ಟುಮಾಡಿದೆ.

ಆಗ ನನಗೆ ತಿಳಿದದ್ದು ಇಷ್ಟು. ಪಂಪು ತಿರುಗುತ್ತಿದೆಯೇ ಎಂದು ಪಂಪನ್ನು ಕೇಳಿ ಪ್ರಯೋಜನವಿಲ್ಲ. ನೀರನ್ನೇ ಕೇಳಬೇಕು. ಕೆಳಗಿನ ತೊಟ್ಟಿಯಲ್ಲಿ ಒಂದು ತೇಲುವ ಸ್ವಿಚ್ಚು ಇಟ್ಟೆ. ಮೇಲಕ್ಕೆ ನೀರು ಹೋಗದಿದ್ದರೆ, ಮೇಲಿನದು ಇಳಿದು ಬಂದು ಕೆಳಗಿನ ಮಟ್ಟ ಏರುತ್ತದೆ. ಏರಿದರೆ ಸ್ವಿಚ್ಚು ತೇಲುತ್ತದೆ, ಪೆಟ್ಟಿಗೆ ಕೂಗುತ್ತದೆ. ಕೆಲವೇ ರೂಪಾಯಿಯ ವಸ್ತು. ಅದು ಹೇಳುವ ಸುದ್ದಿ ಮಾತ್ರ ಪಂಪಿನ ಸದ್ದಿಗಿಂತ ನಂಬಿಕೆಯದು. ಕೆಳಗಿನ ತೊಟ್ಟಿಯಲ್ಲಿ ಈ ಇಳಿದ ನೀರಿಗೆಲ್ಲ ಜಾಗ ಬಿಟ್ಟಿರಬೇಕು. ಇಲ್ಲದಿದ್ದರೆ ಸಮುದ್ರ ಹಜಾರಕ್ಕೆ ಬರುತ್ತದೆ.

ಎರಡನೆಯದು ಸದ್ದು ಅಡಗಿದ ರಾತ್ರಿ. ನನ್ನ ಪೆಟ್ಟಿಗೆಗೆ ಒಂದು ಗುಂಡಿ ಇತ್ತು, ಊಟದ ಗುಂಡಿ. ಒತ್ತಿದರೆ ಎರಡೂ ಪಂಪು ಹತ್ತು ನಿಮಿಷ ನಿಲ್ಲುತ್ತವೆ. ಮೀನು ನೆಮ್ಮದಿಯಾಗಿ ತಿನ್ನುತ್ತವೆ. ಆಮೇಲೆ ಪಂಪು ತಾವಾಗಿ ಏಳುತ್ತವೆ. ಮೂರು ತಿಂಗಳು ಹಾಗೆಯೇ ನಡೆಯಿತು. ಒಂದು ರಾತ್ರಿ ಒಂಬತ್ತೂವರೆಗೆ ಆಹಾರ ಹಾಕಿ ಗುಂಡಿ ಒತ್ತಿ ಮಲಗಲು ಹೋದೆ. ನಸುಕಿನ ನಾಲ್ಕಕ್ಕೆ ಎಚ್ಚರವಾಯಿತು. ಯಾಕೆಂದು ತಿಳಿಯಲಿಲ್ಲ. ಯಾರೂ ಕರೆದಿರಲಿಲ್ಲ. ಮಳೆಯಿಲ್ಲ, ನಾಯಿ ಬೊಗಳುತ್ತಿಲ್ಲ. ಮನೆ ತೀರಾ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದವೇ ನನ್ನನ್ನು ಎಬ್ಬಿಸಿತ್ತು.

ದೀಪ ಹಾಕಿದೆ. ಎರಡು ಕ್ಲೌನ್ ಮೀನೂ ನೀರಿನ ಮೇಲ್ಮೈಗೆ ಬಾಯಿ ಕೊಟ್ಟು ಏದುತ್ತಿದ್ದವು. ಗೋಬಿ ಬಿಲದಿಂದ ಹೊರಗೆ ಬಂದು ಮರಳಿನ ಮೇಲೆ ಮಲಗಿತ್ತು. ಒಂದು ಲೋಟ ತೆಗೆದುಕೊಂಡು ನೀರು ಮೊಗೆದು ಮೇಲಿನಿಂದ ಸುರಿಯತೊಡಗಿದೆ. ಅಮ್ಮನೂ ಎದ್ದು ಬಂದರು. ಏನೂ ಕೇಳಲಿಲ್ಲ. ಇನ್ನೊಂದು ಲೋಟ ತಂದರು. ಬೆಳಗಾಗುವ ಹೊತ್ತಿಗೆ ಮೀನು ಮೂರೂ ಚೇತರಿಸಿಕೊಂಡವು. ಬಂಡೆಯ ಸಂದಿನಲ್ಲಿದ್ದ ಸೀಗಡಿಯೊಂದು ಉಳಿಯಲಿಲ್ಲ.

ಏನಾಗಿತ್ತು? ಪಂಪಿಗೂ ಚಿಪ್ಪಿಗೂ ಒಂದೇ ತಂತಿಯಿಂದ ವಿದ್ಯುತ್ತು ಕೊಟ್ಟಿದ್ದೆ. ಪಂಪು ನಿಂತಾಗ ತಂತಿಯಲ್ಲಿ ಒಂದು ಹೊಡೆತ ಏಳುತ್ತದೆ. ಆ ಹೊಡೆತಕ್ಕೆ ಚಿಪ್ಪು ಕಕ್ಕಾಬಿಕ್ಕಿಯಾಗಿ ಅಲ್ಲೇ ಸ್ತಬ್ಧವಾಗಿತ್ತು. ಹತ್ತು ನಿಮಿಷ ಎಣಿಸಬೇಕಾದವನೇ ಎಣಿಕೆ ಮರೆತಿದ್ದ. ನನ್ನ ದೊಡ್ಡ ತಪ್ಪು ಅದಲ್ಲ, ಇನ್ನೊಂದು. ಚಿಪ್ಪು ಸುಮ್ಮನಿದ್ದರೆ ಕದ ಮುಚ್ಚಿರಲಿ ಎಂದು ನಾನು ಒಂದು ರೆಸಿಸ್ಟರ್ ಹಾಕಿದ್ದೆ. ಪುಸ್ತಕಗಳು ಹಾಗೆಯೇ ಹೇಳುತ್ತವೆ. ಕಬ್ಬಿನ ಗಾಣಕ್ಕೆ, ಹಿಟ್ಟಿನ ಗಿರಣಿಗೆ ಅದು ಸರಿ. ಅಲ್ಲಿ ಯಂತ್ರ ನಿಂತರೆ ಮನುಷ್ಯನ ಕೈ ಉಳಿಯುತ್ತದೆ. ಮೀನಿನ ತೊಟ್ಟಿಯಲ್ಲಿ ಲೆಕ್ಕ ತಿರುಗುಮುರುಗು. ಇಲ್ಲಿ ಯಂತ್ರ ನಿಂತರೆ ಜೀವ ಹೋಗುತ್ತದೆ. ಯಂತ್ರ ಕೈಕೊಟ್ಟಾಗ ಯಾವ ಸ್ಥಿತಿಯಲ್ಲಿ ನಿಲ್ಲಬೇಕು? ಇದನ್ನು ವೇಗದ ಲೆಕ್ಕಕ್ಕಿಂತ ಮೊದಲೇ ಕೇಳಿಕೊಳ್ಳಬೇಕಿತ್ತು. ನಾನು ಕೇಳಿಕೊಂಡಿರಲಿಲ್ಲ.

ಪೆಟ್ಟಿಗೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿದೆ. ಈ ಸಲ ನಾಲ್ಕು ಬದಲಾವಣೆ.

ಒಂದು. ಪಂಪನ್ನೇ ಬದಲಿಸಿದೆ. ಹಳೆಯ ಪಂಪಿಗೆ ವಿದ್ಯುತ್ತನ್ನೇ ತುಂಡುತುಂಡಾಗಿ ಕೊಡುತ್ತಿದ್ದೆ. ಅದರೊಳಗಿನ ಪುಟ್ಟ ವಿದ್ಯುತ್ ಮಂಡಲಕ್ಕೆ ಅದು ಹಿತವಲ್ಲ. ಹೊಸ ಪಂಪಿಗೆ ವೇಗ ಹೇಳಲು ಪ್ರತ್ಯೇಕ ತಂತಿ ಇದೆ. ವಿದ್ಯುತ್ತು ಒಂದು ದಾರಿಯಲ್ಲಿ ಬಿಡದೆ ಹೋಗುತ್ತದೆ. ಸೊನ್ನೆಯಿಂದ ಐದು ವೋಲ್ಟಿನ ಒಂದು ಸಣ್ಣ ಸೂಚನೆ ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ಅನ್ನ ಬೇರೆ, ಆಜ್ಞೆ ಬೇರೆ. ಚಿಪ್ಪಿಗೂ ವಿದ್ಯುತ್ತಿನ ದಾರಿ ಬೇರೆ ಮಾಡಿದೆ.

ಎರಡು. ರೆಸಿಸ್ಟರನ್ನು ತಿರುಗಿಸಿ ಹಾಕಿದೆ. ಈಗ ಚಿಪ್ಪು ಕೈಬಿಟ್ಟರೆ ಆಜ್ಞೆಯ ತಂತಿ ತಾನಾಗಿ ಐದು ವೋಲ್ಟಿಗೆ ಏರುತ್ತದೆ. ಪಂಪು ಪೂರ್ತಿ ವೇಗದಲ್ಲಿ ಓಡುತ್ತದೆ. ಸದ್ದು ಜೋರಾಗುತ್ತದೆ. ಆಗಲಿ.

ಮೂರು. ಸ್ತಬ್ಧವಾದ ಚಿಪ್ಪು ತಂತಿಯನ್ನು ಕೈಬಿಡದೆ ಹಿಡಿದುಕೊಂಡೇ ಇದ್ದರೆ? ಅದಕ್ಕೆ ಚಿಪ್ಪಿನೊಳಗೇ ಒಬ್ಬ ಕಾವಲುಗಾರ ಇದ್ದಾನೆ. ವಾಚ್‌ಡಾಗ್ ಎಂದು ಅವನ ಹೆಸರು. ಕಾರ್ಯಕ್ರಮ ಆಗಾಗ ಅವನಿಗೆ ‘ಇದ್ದೇನೆ’ ಎಂದು ಓಗೊಡುತ್ತಿರಬೇಕು. ಎಂಟು ಸೆಕೆಂಡು ಓ ಎನ್ನದಿದ್ದರೆ ಅವನು ಚಿಪ್ಪನ್ನು ಅಲುಗಿಸಿ ಮೊದಲಿನಿಂದ ಎಬ್ಬಿಸುತ್ತಾನೆ. ಅವನು ಅಲ್ಲಿ ಮೊದಲೂ ಇದ್ದ. ನಾನು ಅವನನ್ನು ಕೆಲಸಕ್ಕೆ ಕರೆದಿರಲಿಲ್ಲ ಅಷ್ಟೆ.

ನಾಲ್ಕು. ಊಟದ ಗುಂಡಿ ಒತ್ತಿದರೆ ಪಂಪು ಪೂರ್ತಿ ನಿಲ್ಲುವುದಿಲ್ಲ. ಅಲೆ ಪಂಪು ಮೆಲ್ಲಗಾಗುತ್ತದೆ, ಎತ್ತುವ ಪಂಪು ನಡೆಯುತ್ತಲೇ ಇರುತ್ತದೆ. ನಿಲ್ಲು ಎಂಬ ಮಾತೇ ಈಗ ಊಟದ ಗುಂಡಿಯಲ್ಲಿಲ್ಲ.

ಮತ್ತೆ ಒಂದು ಸಲ ಹಿಂದಕ್ಕೆ ನೋಡೋಣ. ಪಂಪಿನ ಸದ್ದನ್ನು ನಂಬಬೇಡಿ, ನೀರನ್ನು ಕೇಳಿ. ಯಂತ್ರ ಕೈಕೊಟ್ಟರೆ ನೀರು ಓಡುವ ಹಾಗೆ ಕಟ್ಟಿ. ಇವೆರಡು ಆದವು. ಇನ್ನು ಉಳಿದದ್ದು ಯಂತ್ರದ ತಪ್ಪಿಲ್ಲದೆಯೂ ಬರುವ ಮೌನ. ಕರೆಂಟು ಹೋಗುವುದು!

ಕರ್ನಾಟಕದಲ್ಲಿ ಕೂತು ಕೇಳುತ್ತಿರುವ ನಿಮಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ವೇಗ ಅರ್ಧವಾದರೆ ನೀರು ಅರ್ಧ, ಎತ್ತರ ಕಾಲು ಎಂದೆನಲ್ಲ. ತಿನ್ನುವ ವಿದ್ಯುತ್ತು? ಅದು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ನನ್ನ ಅಲೆ ಪಂಪು ಪೂರ್ತಿ ಓಡಿದರೆ 24 ವಾಟ್. ಅರ್ಧ ವೇಗದಲ್ಲಿ ಕಾಗದದ ಲೆಕ್ಕಕ್ಕೆ ಮೂರೇ ವಾಟ್. ಕಂಪ್ಯೂಟರಿನ ಯುಪಿಎಸ್‌ನಲ್ಲಿ ಇರುವಂಥ ಒಂದು ಸಣ್ಣ ಬ್ಯಾಟರಿ, 12 ವೋಲ್ಟ್, 7 ಆಂಪಿಯರ್-ಗಂಟೆಯದು, ಪೂರ್ತಿ ವೇಗಕ್ಕೆ ಮೂರೂವರೆ ಗಂಟೆ ಬಂದರೆ ಹೆಚ್ಚು. ಅರ್ಧ ವೇಗಕ್ಕೆ ಲೆಕ್ಕದಲ್ಲಿ ಇಪ್ಪತ್ತೆಂಟು ಗಂಟೆ. ಮೋಟರಿನ ಸೋರಿಕೆ, ಚಿಪ್ಪಿನ ಖರ್ಚು, ಬ್ಯಾಟರಿಯ ವಯಸ್ಸು ಎಲ್ಲ ಕಳೆದರೂ ಒಂದು ರಾತ್ರಿ ದಾಟಿಸಲು ಅಡ್ಡಿಯಿಲ್ಲ.

ಹಾಗಾಗಿ ಕರೆಂಟು ಹೋದ ಕೂಡಲೆ ನನ್ನ ಪೆಟ್ಟಿಗೆ ಮಾಡುವುದು ಇಷ್ಟು. ಎತ್ತುವ ಪಂಪನ್ನು ನಿಲ್ಲಿಸುತ್ತದೆ. ಅದು ಇಲ್ಲದೆಯೂ ಕೆಲವು ಗಂಟೆ ನಡೆಯುತ್ತದೆ. ಅಲೆ ಪಂಪನ್ನು ಅರ್ಧ ವೇಗಕ್ಕೆ ಇಳಿಸುತ್ತದೆ. ಅದರ ಬಾಯಿಯನ್ನು ಮೇಲ್ಮೈಯತ್ತ ತಿರುಗಿಸಿ ಇಟ್ಟಿದ್ದೇನೆ. ಮೇಲಿನ ನೀರು ಕಲಕುತ್ತಿದ್ದರೆ ಗಾಳಿ ಒಳಗಿಳಿಯುತ್ತದೆ. ಬಡತನ ಬಂದಾಗ ಮನೆಯ ಖರ್ಚು ತಗ್ಗಿಸುತ್ತೇವಲ್ಲ, ಒಲೆ ಮಾತ್ರ ಆರಲು ಬಿಡುವುದಿಲ್ಲ. ಇದೂ ಅಂಥದೇ ಲೆಕ್ಕ.

ಇದನ್ನು ಕೇಳಿ ಯಾರಾದರೂ ಕಟ್ಟಹೊರಟರೆ ನಾಲ್ಕು ಮಾತು ಕಿವಿಯಲ್ಲಿರಲಿ. ಪೆಟ್ಟಿಗೆಯನ್ನು ತೊಟ್ಟಿಯ ಮೇಲೂ ಇಡಬೇಡಿ, ಕೆಳಗೂ ಇಡಬೇಡಿ. ಪಕ್ಕಕ್ಕೆ, ದೂರಕ್ಕೆ ಇಡಿ. ಉಪ್ಪು ತೆವಳುತ್ತದೆ. ಹನಿ ಒಣಗಿದಲ್ಲೆಲ್ಲ ಬಿಳಿ ಪುಡಿಯಾಗಿ ಬೆಳೆದು ಬೆಸುಗೆಗಳನ್ನು ತಿಂದುಹಾಕುತ್ತದೆ. ಗೋಡೆಯ ಪ್ಲಗ್ಗಿಗೆ ಹೋಗುವ ಪ್ರತಿ ತಂತಿಯೂ ಪ್ಲಗ್ಗಿಗಿಂತ ಕೆಳಗೆ ಜೋತು, ಆಮೇಲೆ ಮೇಲೇರಲಿ. ತಂತಿ ಹಿಡಿದು ಬಂದ ನೀರು ಆ ಜೋಲಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗನ್ನು ಸೇರುವುದಿಲ್ಲ. ಮನೆಯ ಬೋರ್ಡಿನಲ್ಲಿ, ವಿದ್ಯುತ್ತು ಸೋರಿದರೆ ತಾನೇ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ತಾಮ್ರ, ಹಿತ್ತಾಳೆ ನೀರಿಗೆ ತಾಗಕೂಡದು. ನಮಗೆ ತಾಮ್ರದ ಚೊಂಬಿನ ನೀರು ಒಳ್ಳೆಯದೆನ್ನುತ್ತಾರೆ. ಸೀಗಡಿಗೆ ಅದು ವಿಷ.

ನನ್ನ ಹೊತ್ತು ಮುಗಿಯುತ್ತ ಬಂತು. ಈಗ ನಮ್ಮ ಮೂರಡಿ ಸಮುದ್ರದ ದಿನಚರಿ ಹೀಗಿದೆ. ನಸುಕಿನಲ್ಲಿ ನೀರು ಮೆಲ್ಲಗೆ. ಹೊತ್ತೇರಿದಂತೆ ಅಲೆ ಏರುತ್ತದೆ. ಒಂದು ಸೆಕೆಂಡಿಗೆ ಸ್ವಲ್ಪ ಹೆಚ್ಚಿನ ತಾಳದಲ್ಲಿ ಪಂಪು ತಳ್ಳಿ ಬಿಟ್ಟರೆ, ನೀರೆಲ್ಲ ತೊಟ್ಟಿಲಿನ ಹಾಗೆ ಆಚೀಚೆ ತೂಗತೊಡಗುತ್ತದೆ. ಮೂರಡಿ ನೀರಿನ ಸಹಜ ತೂಗು ಅದೇ. ಅದನ್ನು ಹಿಡಿದರೆ ಸಣ್ಣ ಪಂಪೂ ದೊಡ್ಡ ಅಲೆ ಎಬ್ಬಿಸುತ್ತದೆ. ಗಾಜಿನ ಅಂಟಿಗೆ ಭಾರವಾಗಬಾರದೆಂದು ಬೆರಳಗಲದ ಅಲೆಗೇ ನಿಲ್ಲಿಸಿದ್ದೇನೆ. ಸಂಜೆ ಅಮ್ಮ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ‘ಈಗ ಸ್ವಲ್ಪ ಕಡಲಿನ ಹಾಗೆ ಉಂಟು’ ಎನ್ನುತ್ತಾರೆ. ಸ್ವಲ್ಪ ಎಂಬ ಮಾತನ್ನು ಅವರು ಇನ್ನೂ ಬಿಟ್ಟಿಲ್ಲ.

ಪೆಟ್ಟಿಗೆಯ ಹಿಂಬದಿಗೆ ಹೊಸದೊಂದು ಗುಂಡಿ ಇಟ್ಟಿದ್ದೇನೆ. ಅದಕ್ಕೆ ಇರುವುದು ಒಂದೇ ಕೆಲಸ, ಪೆಟ್ಟಿಗೆಯನ್ನು ಕೆಡಿಸುವುದು. ಒತ್ತಿದರೆ ಪಂಪು ನಿಂತು, ಚಿಪ್ಪು ಆ ರಾತ್ರಿ ಆದಂತೆಯೇ ಸ್ತಬ್ಧವಾಗುತ್ತದೆ. ತಿಂಗಳ ಮೊದಲ ಭಾನುವಾರ ನಾನೇ ಅದನ್ನು ಒತ್ತುತ್ತೇನೆ. ಮನೆ ನಿಶ್ಶಬ್ದವಾಗುತ್ತದೆ. ಅಮ್ಮ ಕೈಯಲ್ಲಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ನಾನು ಒಂದು, ಎರಡು, ಮೂರು ಎಂದು ಎಣಿಸುತ್ತೇನೆ. ಎಂಟರ ಹೊತ್ತಿಗೆ ಗುಂಯ್ ಎಂಬ ಸದ್ದು ಏಳುತ್ತದೆ. ಅದರ ಹಿಂದೆಯೇ ನೀರು ಬೀಳುವ ಸದ್ದು. ಅಮ್ಮ ಲೋಟವನ್ನು ಅಡಿಗೆಮನೆಗೆ ವಾಪಸು ಒಯ್ಯುತ್ತಾರೆ.